ದೊಡ್ಡ ಅಂಗಡಿ ಬರುವುದಕ್ಕೆ ಮುಂಚೆ ಜಮೀನಿನ ಲೆಕ್ಕ ಕೇಳೋಣ

ಊರಾಚೆ ದೊಡ್ಡ ಅಂಗಡಿ ಬರುತ್ತದಂತೆ ಅನ್ನುವ ಸುದ್ದಿ ಹಬ್ಬಿದರೆ ಸಾಕು, ನಮ್ಮ ಜನ ಕೇಳುವುದು ಎರಡೇ ಪ್ರಶ್ನೆ. ಓಪನಿಂಗ್ ಯಾವಾಗ? ಸುತ್ತಮುತ್ತ ಸೈಟಿನ ರೇಟು ಎಷ್ಟಾಗಿದೆ? ಹತ್ತಿಪ್ಪತ್ತು ವರ್ಷ ಆದಮೇಲೆ ಆ ಅಂಗಡಿ ಬಾಗಿಲು ಹಾಕಿದರೆ ಆ ಜಾಗದ ಗತಿ ಏನು ಅಂತ ಕೇಳಿದವರನ್ನು ನಾನು ಇನ್ನೂ ನೋಡಿಲ್ಲ.

ಅಮೆರಿಕದ ಒಹಾಯೊದಲ್ಲಿ ರ‍್ಯಾಂಡಾಲ್ ಪಾರ್ಕ್ ಅಂತ ಒಂದು ಮಾಲ್ ಇತ್ತು. 1976ರಲ್ಲಿ ಶುರುವಾದಾಗ ಜಗತ್ತಿನ ಅತಿ ದೊಡ್ಡ ಮಾಲ್‌ಗಳಲ್ಲಿ ಅದೂ ಒಂದು. 2009ರಲ್ಲಿ ಮುಚ್ಚಿತು. ಆಮೇಲೆ ಕೆಡವಿದರು. 2018ರಲ್ಲಿ ಅದೇ ಜಾಗದಲ್ಲಿ ಅಮೆಜಾನ್ ಗೋಡೌನ್ ಶುರುವಾಯಿತು. ಅಲ್ಲಿ ಅಂಗಡಿ ಸತ್ತ ಮೇಲೆ ಗೋಡೌನ್ ಬಂತು. ನಮ್ಮಲ್ಲಿ ಎಲ್ಲವೂ ಒಟ್ಟಿಗೇ ಬರುತ್ತಿದೆ. ಹೈವೇ ಪಕ್ಕ ದೊಡ್ಡ ಅಂಗಡಿ, ಅದರಾಚೆ ರಾಗಿ ಹೊಲದಲ್ಲಿ ಗೋಡೌನ್, ನಮ್ಮ ಗಲ್ಲಿಯ ಗ್ರೌಂಡ್ ಫ್ಲೋರಿನಲ್ಲಿ ಹತ್ತು ನಿಮಿಷದ ಡೆಲಿವರಿಗೆ ಅಂತಲೇ ಸಾಮಾನು ತುಂಬಿಟ್ಟ, ಗಿರಾಕಿಗಳು ಒಳಗೆ ಹೋಗದ ಡಾರ್ಕ್ ಸ್ಟೋರ್.

ನಾನು ದೊಡ್ಡ ಅಂಗಡಿಯ ವಿರೋಧಿ ಅಲ್ಲ. ಬೆಂಗಳೂರಿನ ನಾಗಸಂದ್ರದಲ್ಲಿರುವ ಐಕಿಯಾ ಫರ್ನಿಚರ್ ಅಂಗಡಿ ನೋಡಿ. 2022ರ ಜೂನ್‌ನಲ್ಲಿ ಶುರುವಾಯಿತು, ಸುಮಾರು 4.6 ಲಕ್ಷ ಚದರಡಿ. ಮೊದಲ ವಾರ ಮೂರು ಗಂಟೆ ಕ್ಯೂ ಅಂತ ಎಲ್ಲರೂ ಫೋಟೊ ಹಾಕಿದ್ದರು, ನೆನಪಿದೆಯಲ್ಲ? ನನ್ನ ಪ್ರಕಾರ ಅದು ಬಂದಿರುವ ಜಾಗ ಸರಿಯಾಗಿದೆ. ಪಕ್ಕದಲ್ಲೇ ಮೆಟ್ರೋ ಸ್ಟೇಷನ್. ಸುತ್ತ ಮೊದಲೇ ಪೀಣ್ಯದ ಫ್ಯಾಕ್ಟರಿಗಳು, ತುಮಕೂರು ರಸ್ತೆ. ಕಾರಿಲ್ಲದವರೂ ಹೋಗಿಬರಬಹುದು. ಸೋಫಾ ನೋಡೋಕೆ ಅಂತ ಹೋದವರು ಮೇಣದಬತ್ತಿ ತಗೊಂಡು ವಾಪಸ್ ಬರುತ್ತಾರೆ ಅನ್ನುವುದು ಬೇರೆ ಮಾತು.

ತಕರಾರು ಇರುವುದು ಅದರಿಂದಾಚೆಗಿನದ್ದರ ಬಗ್ಗೆ. ನೆಲಮಂಗಲ ದಾಟಿ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಅಂತ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಹಿಡಿದು ಒಮ್ಮೆ ಸುತ್ತಿ ಬನ್ನಿ. ಎಲ್ಲಿ ನೋಡಿದರೂ ನೀಲಿ ಶೀಟಿನ ಶೆಡ್ಡು, ಲೇಔಟ್ ಕಮಾನು, 'ಕಮರ್ಷಿಯಲ್ ಜಾಗ ಬಾಡಿಗೆಗಿದೆ' ಬೋರ್ಡು. ಅಲ್ಲಿಗೆ ಕಾರಿಲ್ಲದೆ ಯಾರು ಹೋಗುತ್ತಾರೆ? ಕಾರಿದ್ದವರಾದರೂ ಯಾಕೆ ಹೋಗಬೇಕು? ಅಕ್ಕಿ, ಎಣ್ಣೆ, ಸೋಪು ಎಲ್ಲ ಮನೆ ಬಾಗಿಲಿಗೇ ಬರುತ್ತದೆ. ಮುಟ್ಟಿ ನೋಡಿ ತಗೊಳ್ಳುವ ಸೋಫಾ, ಮಂಚ, ಟೈಲ್ಸ್, ಮಕ್ಕಳ ಸೈಕಲ್, ಇಂಥವಕ್ಕೆ ಮಾತ್ರ ದೊಡ್ಡ ಅಂಗಡಿ ಉಳಿಯಬಹುದು. ಅಂಥವು ಊರಿಗೆ ಎಷ್ಟು ಬೇಕು? ನಾಲ್ಕೈದು ಸಾಕಾಗುತ್ತವೆ.

ಹಾಗಾದರೆ ಜಾಗ ಹಿಡಿಯಲು ಇಷ್ಟೊಂದು ಆತುರ ಯಾಕೆ? ವ್ಯಾಪಾರಕ್ಕಿಂತ ಜಾಗದ ಮೇಲೇ ಜಾಸ್ತಿ ಕಣ್ಣು ಅಂತ ನನಗೆ ಅನ್ನಿಸುತ್ತದೆ. ಜರ್ಮನಿಯ ಸಗಟು ಅಂಗಡಿ ಕಂಪನಿ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ ಈ ದೇಶಕ್ಕೆ ಕಾಲಿಟ್ಟಿದ್ದು 2003ರಲ್ಲಿ, ನಮ್ಮ ಬೆಂಗಳೂರಿಂದಲೇ. ಸುಮಾರು ಇಪ್ಪತ್ತು ವರ್ಷ ನಡೆಸಿ, 2022ರ ಡಿಸೆಂಬರ್‌ನಲ್ಲಿ ದೇಶದ ವ್ಯವಹಾರ ಪೂರ್ತಿ ರಿಲಯನ್ಸ್‌ಗೆ 2,850 ಕೋಟಿಗೆ ಮಾರುವ ಒಪ್ಪಂದ ಮಾಡಿಕೊಂಡಿತು. ಆ ಒಪ್ಪಂದದ ಪ್ರಕಟಣೆಯಲ್ಲಿ 31 ಮಳಿಗೆಗಳ ಜೊತೆಗೇ ಇನ್ನೊಂದು ಬಾಬತ್ತು ಇತ್ತು: ಕಂಪನಿಯ ಪೂರ್ತಿ ರಿಯಲ್ ಎಸ್ಟೇಟ್ ಆಸ್ತಿ. ಬೋರ್ಡು ಯಾರದ್ದಾದರೂ ಆಗಲಿ, ಜಾಗ ಕೈಯಲ್ಲಿದ್ದರೆ ನಷ್ಟ ಇಲ್ಲ.

ಈಗ ನಮ್ಮ ಚಿಕ್ಕಪ್ಪನ ಕಥೆ. ದಾಬಸ್‌ಪೇಟೆ ಕಡೆ ಅವರಿಗೆ ಸ್ವಲ್ಪ ಜಮೀನಿದೆ. ರಾಗಿ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಸಾಸಿವೆ. ಪಕ್ಕದ ಜಮೀನಿನವರು ಗೋಡೌನ್ ಕಟ್ಟಲು ಕೊಟ್ಟರು. ತಪ್ಪೇನಿಲ್ಲ, ಅವರ ಜಮೀನು, ಅವರ ಇಷ್ಟ. ಆದರೆ ಗೋಡೌನ್ ಅಂದರೆ ಸುಮ್ನೆ ಶೆಡ್ ಹಾಕುವುದಲ್ಲ. ಲಾರಿಯ ಹಿಂಬದಿ ಮಟ್ಟಕ್ಕೆ ನೆಲ ಬರಬೇಕು, ಆಗ ಮಾತ್ರ ಸಾಮಾನು ನೇರವಾಗಿ ಒಳಗೆ ತಳ್ಳಬಹುದು. ಅದಕ್ಕೆ ನೂರಾರು ಲೋಡ್ ಮಣ್ಣು ಹೊಡೆಸಿ ಇಡೀ ಜಾಗವನ್ನು ನಾಲ್ಕಡಿ ಎತ್ತರಿಸಿದರು. ಮೇಲೆ ಕಾಂಕ್ರೀಟು. ಸುತ್ತ ಕಾಂಪೌಂಡು. ಮೊದಲು ಆ ಹೊಲದ ಬದು ದಾಟಿ ಹಳ್ಳಕ್ಕೆ ಇಳಿಯುತ್ತಿದ್ದ ನೀರು ಈಗ ಎಲ್ಲಿಗೆ ಹೋಗಬೇಕು? ಚಾವಣಿಯ ನೀರು, ಅಂಗಳದ ನೀರು, ಎಲ್ಲ ಕಾಂಪೌಂಡಿನ ತೂತುಗಳಿಂದ ಚಿಕ್ಕಪ್ಪನ ಹೊಲಕ್ಕೆ. ಒಂದು ಜೋರು ಮಳೆಗೆ ಮೊಣಕಾಲುದ್ದ ಬೆಳೆದಿದ್ದ ಪೈರು ಮುಳುಗಿತು. ನೀರು ಇಳಿಯುವಷ್ಟರಲ್ಲಿ ಬುಡ ಕೊಳೆತಿತ್ತು.

ಕೇಳೋಕೆ ಹೋದರೆ ಕಂಟ್ರಾಕ್ಟರ್ ಬಹಳ ಮರ್ಯಾದೆಯಿಂದ ಹೇಳಿದನಂತೆ: "ಯಜಮಾನ್ರೇ, ನೀವೂ ಮಣ್ಣು ಹೊಡ್ಸಿ ಎತ್ತರ ಮಾಡ್ಕೊಂಡ್ಬಿಡಿ. ನಾಳೆ ನಿಮ್ಗೂ ಪಾರ್ಟಿ ಬರ್ತದೆ."

ಚಿಕ್ಕಪ್ಪ ಪಂಚಾಯ್ತಿಗೆ ಅರ್ಜಿ ಕೊಟ್ಟರು. ಅಲ್ಲಿನವರು, ಆ ಜಮೀನು ಕೃಷಿಯಿಂದ ಬೇರೆ ಬಳಕೆಗೆ ಕನ್ವರ್ಷನ್ ಆಗಿದೆ, ಪ್ಲಾನಿಂಗ್ ಅಥಾರಿಟಿಯವರನ್ನು ಕೇಳಿ ಅಂದರು. ಅವರು ಕಂದಾಯ ಇಲಾಖೆ ಅಂದರು. ಅಲ್ಲಿ ಸರ್ವೆಗೆ ಅರ್ಜಿ ಹಾಕಿ ಅಂದರು. "ನೋಡಪ್ಪಾ, ನೀರು ಹರಿಯೋಕೆ ಸರ್ವೆ ನಂಬರ್ ನೋಡ್ಕೊಂಡು ಹರಿಯುತ್ತಾ?" ಅಂತ ನನ್ನನ್ನು ಕೇಳುತ್ತಾರೆ. ನಾನೇನು ಹೇಳಲಿ?

ಕನ್ವರ್ಷನ್ ಅನ್ನುವುದು ಒಮ್ಮುಖ ರಸ್ತೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಫೀಸ್ ಕಟ್ಟಿ ಹೊಲವನ್ನು ಬೇರೆ ಉದ್ದೇಶಕ್ಕೆ ಬದಲಾಯಿಸಬಹುದು. ಆದರೆ ಗೋಡೌನ್ ಖಾಲಿಯಾದ ಮೇಲೆ ಕಾಂಕ್ರೀಟು ಒಡೆದು, ನಾಲ್ಕಡಿ ಮಣ್ಣು ತೆಗೆದು, ಮತ್ತೆ ರಾಗಿ ಬಿತ್ತಿದವರನ್ನು ತೋರಿಸಿ ನೋಡೋಣ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಸೆಕ್ಷನ್ ತೆಗೆದುಹಾಕಿದರು. ಅದಕ್ಕೂ ಮೊದಲು ರೈತರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಅಡ್ಡಿ ಇತ್ತು. ಆ ಅಡ್ಡಿ ಇದ್ದಾಗಲೂ ಬೇನಾಮಿ ವ್ಯವಹಾರ ನಡೆಯುತ್ತಿತ್ತು, ಒಪ್ಪುತ್ತೇನೆ. ಈಗ ಬ್ರೋಕರ್‌ಗಳಿಗೆ ಅಷ್ಟು ಕಷ್ಟವೂ ಇಲ್ಲ.

ಬೇರೆ ದೇಶದವರು ಇದನ್ನೆಲ್ಲ ನಮಗಿಂತ ಮೊದಲೇ ಅನುಭವಿಸಿದ್ದಾರೆ. ಇಂಗ್ಲೆಂಡಿನಲ್ಲಿ 1996ರಲ್ಲಿ ನಿಯಮ ಬಿಗಿ ಮಾಡಿದರು. ದೊಡ್ಡ ಅಂಗಡಿ ಬೇಕಾ, ಮೊದಲು ಪೇಟೆಯೊಳಗೆ ಜಾಗ ಹುಡುಕು, ಇಲ್ಲದಿದ್ದರೆ ಪೇಟೆಯ ಅಂಚಿನಲ್ಲಿ, ಅಲ್ಲೂ ಇಲ್ಲ ಅಂದರೆ ಮಾತ್ರ ಊರಾಚೆ. ಫ್ರಾನ್ಸಿನವರು 1973ರಲ್ಲೇ ದೊಡ್ಡ ಅಂಗಡಿಗಳಿಗೆ ವಿಶೇಷ ಅನುಮತಿ ಬೇಕು ಅಂತ ಕಾನೂನು ಮಾಡಿದರು. ಆದರೂ ಊರಾಚೆಯ ಹೈಪರ್‌ಮಾರ್ಕೆಟ್‌ಗಳು ಏಳುತ್ತಲೇ ಹೋದವು. ಕೊನೆಗೆ 2021ರ ಹವಾಮಾನ ಕಾನೂನಿನಲ್ಲಿ ನೇರವಾಗಿ ಮಣ್ಣಿನ ವಿಷಯಕ್ಕೇ ಬಂದರು. ಹೊಸದಾಗಿ ಮಣ್ಣು ಮುಚ್ಚಿ ಕಟ್ಟುವ 10,000 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗೆ ಸಾಮಾನ್ಯವಾಗಿ ಅನುಮತಿ ಇಲ್ಲ. ನನಗೆ ಇದು ಹಿಡಿಸಿತು. ಅಂಗಡಿ ಏನು ಮಾರುತ್ತದೆ ಅಂತ ಕೇಳುತ್ತಿಲ್ಲ, ಯಾವ ನೆಲ ಮುಚ್ಚುತ್ತೀಯ ಅಂತ ಕೇಳುತ್ತಿದ್ದಾರೆ.

ನಮ್ಮಲ್ಲಿ ಇಷ್ಟು ಕೇಳುವುದಕ್ಕೂ ಸರಿಯಾದ ನಕ್ಷೆ ಬೇಕು. 2015ನೇ ಇಸವಿ ಲೆಕ್ಕಕ್ಕೆ ಮಾಡಿದ ಮಾಸ್ಟರ್ ಪ್ಲಾನ್ ಇಟ್ಟುಕೊಂಡೇ ಬೆಂಗಳೂರು ಇಷ್ಟು ವರ್ಷ ದೂಡಿದೆ. 2031ರ ಪ್ಲಾನ್ ಕರಡು ಹಂತದಲ್ಲೇ ನಿಂತುಹೋಯಿತು. ನಗರದ ಗಡಿ ದಾಟಿದರೆ ಬೇರೆ ಬೇರೆ ಪ್ಲಾನಿಂಗ್ ಅಥಾರಿಟಿ, ಒಬ್ಬರ ನಕ್ಷೆ ಇನ್ನೊಬ್ಬರಿಗೆ ಗೊತ್ತಿರುವ ಹಾಗೆ ಕಾಣುವುದಿಲ್ಲ.

ರೈತರು ಜಮೀನೇ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಸಿಟಿಯಲ್ಲಿ ಕೂತು ಹಳ್ಳಿಯವರಿಗೆ ರಾಗಿ ಬೆಳೆಯಿರಿ ಅಂತ ಉಪದೇಶ ಮಾಡುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ದೇವನಹಳ್ಳಿಯ ಚನ್ನರಾಯಪಟ್ಟಣದಲ್ಲಿ 1,777 ಎಕರೆ ಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಾಗಲೂ, ಸ್ವಇಚ್ಛೆಯಿಂದ ಕೊಡುವವರಿಂದ ಜಮೀನು ತಗೊಳ್ಳುತ್ತೇವೆ ಅಂದಿತು. ಕೊಡುವವರು ಕೊಡಲಿ. ಆದರೆ ಪಕ್ಕದವನ ಹೊಲಕ್ಕೆ ನೀರು ನುಗ್ಗದ ಹಾಗೆ ಹಳ್ಳದ ದಾರಿ ಬಿಟ್ಟ ಮೇಲೇ ಅನುಮತಿ ಸಿಗಲಿ. ಬಸ್ಸೂ ಇಲ್ಲ, ಮೆಟ್ರೋನೂ ಇಲ್ಲ ಅನ್ನುವ ಕಡೆ ದೊಡ್ಡ ಅಂಗಡಿಗೆ ಲೈಸೆನ್ಸ್ ಬೇಡ. ಖಾಲಿಯಾದ ಶೆಡ್ಡನ್ನು ತೆರವು ಮಾಡುವ ಖರ್ಚಿಗೆ ಮೊದಲೇ ಡೆಪಾಸಿಟ್ ಇಡಿಸಿಕೊಳ್ಳಲಿ. ಮನೆ ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಊರು ನಮ್ಮದು, ಇದೇನು ದೊಡ್ಡ ವಿಷಯ ಅಲ್ಲ, ಅಲ್ವಾ?

ಹೋದ ತಿಂಗಳು ಚಿಕ್ಕಪ್ಪನಿಗೂ 'ಪಾರ್ಟಿ' ಬಂದಿದ್ದಾರೆ. ಮಾರುವುದು ಬೇಡ, ಲೀಸ್‌ಗೆ ಕೊಡಿ ಅಂತ ಬ್ರೋಕರ್ ಆಸೆ ತೋರಿಸಿದ್ದಾನೆ. ಚಿಕ್ಕಪ್ಪನೂ ಅರ್ಧ ಮನಸ್ಸು ಮಾಡಿದ್ದಾರೆ, ಎರಡು ವರ್ಷ ಪೈರು ಮುಳುಗಿದರೆ ಯಾರಾದರೂ ಮಾಡುತ್ತಾರೆ. ಲೀಸ್ ಮುಗಿದಾಗ ಕಾಂಕ್ರೀಟು ತೆಗೆದು, ಮಣ್ಣು ಸಮ ಮಾಡಿ ಕೊಡಬೇಕು, ಮೇಲುಗಡೆಯಿಂದ ಬರುವ ನೀರಿಗೆ ಚರಂಡಿ ಬಿಡಬೇಕು ಅಂತ ಕರಾರಿನಲ್ಲಿ ಬರೆಸಿ ಅಂತ ನಾನು ಹೇಳಿದೆ. ಅಂಥದ್ದನ್ನೆಲ್ಲ ಯಾರೂ ಬರೆಸಲ್ಲ ಸಾರ್ ಅಂತ ಬ್ರೋಕರ್ ನಕ್ಕ. ನೆಲಮಂಗಲ ಕಡೆ ಇಂಥ ಲೀಸ್ ಪತ್ರ ಮಾಡಿಸಿರುವವರು, ಅಥವಾ ಇದನ್ನು ಬಲ್ಲ ವಕೀಲರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. ಆಯುಧಪೂಜೆ ಆದಮೇಲೆ ಸೈನ್ ಮಾಡಲು ಕೂರುತ್ತಾರಂತೆ.