ಮೊದಲ ಬೈಕನ್ನು ಮೊದಲು ತಳ್ಳಿ ನೋಡಿ

ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗನಿಗೆ ಈ ವರ್ಷ ಹದಿನೆಂಟು ತುಂಬಿತು. "ಮಾವ, ಡ್ಯೂಕ್ 390 ಬೈಕ್ ಕೊಡಿಸೋಕೆ ಅಮ್ಮನಿಗೆ ನೀವೇ ಹೇಳಿ" ಎಂದು ಅವನು ಫೋನಿನಲ್ಲಿ ಕೇಳಿದಾಗ ನನಗೆ ಒಪ್ಪಲು ಮನಸ್ಸಾಗಲಿಲ್ಲ. ನಾನಿರುವ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಆ ವಯಸ್ಸಿನವರಿಗೆ ಅಷ್ಟು ಶಕ್ತಿಯ ಬೈಕಿನ ಲೈಸೆನ್ಸೇ ಸಿಗುವುದಿಲ್ಲ. ಇಲ್ಲಿ 17ಕ್ಕೆ ಸಿಗುವುದು 125 ಸಿಸಿ ಮತ್ತು 11 ಕಿಲೋವ್ಯಾಟ್ ಎಂಜಿನ್ ಶಕ್ತಿ ಮೀರದ ಬೈಕು. 19ರಲ್ಲಿ ಪರೀಕ್ಷೆ ಪಾಸಾದರೆ 35 ಕಿಲೋವ್ಯಾಟ್‌ವರೆಗೆ ಏರಬಹುದು, ಡ್ಯೂಕ್ 390 ಬರುವುದು ಈ ಮೆಟ್ಟಿಲಿಗೆ. ಮಿತಿಯಿಲ್ಲದ ಲೈಸೆನ್ಸು 24ಕ್ಕೆ. ಎರಡನೆಯ ಮೆಟ್ಟಿಲಲ್ಲಿ ಎರಡು ವರ್ಷ ಕಳೆದವರಿಗೆ 21ಕ್ಕೆ. ನಮ್ಮಲ್ಲಾದರೆ 18 ತುಂಬಿ ಗೇರ್ ಗಾಡಿಯ ಲೈಸೆನ್ಸು ಕೈಗೆ ಬಂದಮೇಲೆ ನೂರು ಸಿಸಿಯೂ ಒಂದೇ, ಸಾವಿರ ಸಿಸಿಯೂ ಒಂದೇ.

ಹಾಗೆಂದು ನಮ್ಮಲ್ಲಿ ಮೆಟ್ಟಿಲುಗಳೇ ಇರಲಿಲ್ಲವೆಂದಲ್ಲ. ಚಿಕ್ಕಪ್ಪನ ಟಿವಿಎಸ್ 50ಯನ್ನು ಮೈದಾನದಲ್ಲಿ ಸುತ್ತಿಸಿ ಬ್ಯಾಲೆನ್ಸು ಕಲಿತು, ಅಪ್ಪನ ಸ್ಪ್ಲೆಂಡರಿನಲ್ಲಿ ಕ್ಲಚ್ಚು-ಗೇರು ರೂಢಿಸಿಕೊಂಡು, ಅದರಲ್ಲೇ ಎಂಟು ಹಾಕಿ ಲೈಸೆನ್ಸು ಪಡೆದು, ಸಂಬಳ ಕೈಗೆ ಬಂದ ಎಷ್ಟೋ ದಿನಗಳ ಮೇಲೆ ಸ್ವಂತ ಗಾಡಿ ಕೊಂಡವರು ನಾವು. ಕೈ ಬಿಗಿಹಿಡಿದ ಸಂಸಾರವೇ ಆ ಮೆಟ್ಟಿಲುಗಳನ್ನು ಕಟ್ಟಿತ್ತು. ಈಗ ಕಂತಿನ ಸಾಲ ಸುಲಭವಾಗಿ ಸಿಗುವುದರಿಂದ ಅವು ಕಳಚಿಹೋಗಿವೆ, ಅವುಗಳ ಜಾಗಕ್ಕೆ ಕಾನೂನು ಬಂದಿಲ್ಲ. ನನ್ನ ಕಳವಳವೆಲ್ಲ ಇದೇ.

ಇಲ್ಲಿನ ಕ್ರಮವೆಲ್ಲ ಮೇಲೆಂದು ನಾನು ಹೇಳುತ್ತಿಲ್ಲ. ತರಬೇತಿ, ಪರೀಕ್ಷೆಗಳಿಗೆ ತಗಲುವ ಖರ್ಚು ಸಣ್ಣದಲ್ಲ. ಆದರೆ ಸಿಬಿಟಿ ಎಂಬ ಕಡ್ಡಾಯ ತರಬೇತಿಯ ದಿನ ಕಂಡದ್ದನ್ನು ನಾನು ಮರೆತಿಲ್ಲ. ವರ್ಷಗಟ್ಟಲೆ ಬೈಕ್ ಓಡಿಸಿದ್ದ ನನ್ನಿಂದಲೂ ಶಿಕ್ಷಕರು ಎಂಜಿನ್ ಶುರು ಮಾಡಿಸುವ ಮೊದಲು ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ತಳ್ಳಿಸಿದರು: ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು ನಿಲುಗಡೆ. ಬಲಕ್ಕೆ ತಿರುಗಿಸುವಾಗ ಗಾಡಿ ನನ್ನಿಂದಾಚೆಗೆ ವಾಲಿ, ಅದರ ಭಾರವೆಲ್ಲ ಮೊಣಕೈಗೆ ಬಂದದ್ದನ್ನು ಅಂದೇ ಮೊದಲು ಗಮನಿಸಿದೆ.

ಹೊಸಬರು ಬೈಕ್ ಆರಿಸಬೇಕಾದದ್ದು ಹೀಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮಲ್ಲಿ ಮೊದಲು ಕೇಳುವುದು ಸಿಸಿ ಎಷ್ಟು, ಮೈಲೇಜ್ ಎಷ್ಟು ಎಂದು; ತೂಕವನ್ನು ಕೇಳುವವರು ಅಪರೂಪ. ಸ್ಪ್ಲೆಂಡರ್ ಸುಮಾರು 112 ಕೆಜಿ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕೆಜಿ. ಓಡುವಾಗ ಅಷ್ಟಾಗಿ ಕಾಣದ ಈ ವ್ಯತ್ಯಾಸ ಇಳಿಜಾರಿನ ಸಿಗ್ನಲ್ಲಿನಲ್ಲಿ ನಿಂತಾಗ, ಮಳೆಗಾಲದ ಕೆಸರಿನಲ್ಲಿ ಯೂ-ಟರ್ನ್ ಹೊಡೆಯುವಾಗ, ಹಿಂದೆ ಅಮ್ಮ ಕುಳಿತಿದ್ದಾಗ ಗೊತ್ತಾಗುತ್ತದೆ. ಸೀಟಿನ ಮೇಲೆ ಕುಳಿತರೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ತುದಿಗಾಲಲ್ಲಿ ನಿಲ್ಲಿಸುವ ಗಾಡಿ ಹೊಸಬರಿಗಲ್ಲ.

ಅತಿ ಚಿಕ್ಕದೇ ಸರಿಯೆಂದೂ ಅಲ್ಲ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್, ಅಂದರೆ ಬ್ರೇಕ್ ಬಲವಾಗಿ ಹಿಡಿದರೂ ಚಕ್ರ ಕಚ್ಚಿ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ, ಕಡ್ಡಾಯವಾಗಿದೆ. ಗಾಬರಿಯಲ್ಲಿ ಬ್ರೇಕನ್ನು ಒಮ್ಮೆಲೇ ಹಿಡಿಯುವುದು ಹೊಸಬರೇ, ಆದ್ದರಿಂದ ಎಬಿಎಸ್ ಹೆಚ್ಚು ಬೇಕಾದದ್ದೂ ಅವರಿಗೇ. ಹೀಗಾಗಿ 140 ಕೆಜಿ ಆಸುಪಾಸಿನ, 150-160 ಸಿಸಿಯ ಬೈಕು ತೆಗೆದುಕೊಂಡು ಎರಡು ವರ್ಷ ಓಡಿಸು, ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್ಟು, ಗ್ಲೌಸು ಕೊಳ್ಳು ಎಂದು ಅಳಿಯನಿಗೆ ಹೇಳಿದೆ.

ಅವನಿನ್ನೂ ಹ್ಞೂಂ ಎಂದಿಲ್ಲ. ಆದರೆ ಮೊನ್ನೆ ಶೋರೂಮಿನಲ್ಲಿ ಎರಡು ಗಾಡಿಗಳನ್ನು ಅಂಗಳಕ್ಕೆ ಇಳಿಸಿ ತಾನೇ ತಳ್ಳಿ ನೋಡಿದನೆಂದು ಅಕ್ಕ ತಿಳಿಸಿದಳು.