ಜೇಡರ ಹುಳುವೂ ನಮ್ಮ ಗೂಡಿನ ಮಾರುಕಟ್ಟೆಯೂ

ನಿನ್ನೆ ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಚಿಕ್ಕಪ್ಪನ ಮಗ ತನ್ನ ಮೊಬೈಲನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ತಂದು ಹಿಡಿದ. ನೂರೈವತ್ತು ಚಿಟ್ಟೆಗಳ ಮೊಟ್ಟೆಯಿಂದ ಬಂದ ಗೂಡು ಜಾಲರಿಯಲ್ಲಿ ಸುರಿದಿತ್ತು, ಹರಾಜಿಗೆ ಇನ್ನೂ ಹೊತ್ತಿತ್ತು. ಪರದೆಯ ಮೇಲೆ ಗುಡುಗು, ಸಿಡಿಲು, ಕೆಂಪು ಅಕ್ಷರ. ಮನೆಗೆ ಬೆಂಕಿ ಬಿದ್ದವರ ದನಿಯಲ್ಲಿ ಒಬ್ಬ ಕಿರುಚುತ್ತಿದ್ದ: "ಚೀನಾದ ಪವಾಡ ಹುಳು! ಉಕ್ಕನ್ನೂ ಮೀರಿಸುವ ರೇಷ್ಮೆ! ನಮ್ಮ ರೇಷ್ಮೆಯ ಕಥೆ ಮುಗಿಯಿತು!"

"ಅಣ್ಣಾ, ರೇಷ್ಮೆ ಹುಳುವಿನಿಂದಲೇ ಜೇಡರ ಹುಳುವಿನ ನೂಲು ತೆಗೆಸುತ್ತಿದ್ದಾರಂತೆ. ಇನ್ನು ನಮ್ಮ ಗೂಡನ್ನು ಕೇಳುವವರೇ ಇರುವುದಿಲ್ಲವಂತೆ. ತೋಟ ಕೀಳಿಸಿ ದಾಳಿಂಬೆ ಇಟ್ಟುಬಿಡಲೇ?"

ಒಂದೇ ಉಸಿರಿಗೆ ಎರಡು 'ಅಂತೆ'. ಅವನದು ಎರಡು ಎಕರೆ ವಿ-1 ತಳಿಯ ಹಿಪ್ಪುನೇರಳೆ. ಮೂರು ಕೊಳವೆಬಾವಿ ಬತ್ತಿ, ನಾಲ್ಕನೆಯದರಲ್ಲಿ ಒಂದೂವರೆ ಇಂಚು ನೀರು ಬಂದ ದಿನ ಅವನು ಅತ್ತಿದ್ದನ್ನು ನಾನೇ ಕಂಡಿದ್ದೇನೆ. ಆ ತೋಟವನ್ನು ಒಂದೂವರೆ ನಿಮಿಷದ ವಿಡಿಯೊ ನೋಡಿ ಕೀಳಿಸಲು ಹೊರಟಿದ್ದಾನೆ.

ಮೂವತ್ತೆರಡು ವರ್ಷ ಸೀಮೆಸುಣ್ಣ ತಿಂದ ವಿಜ್ಞಾನದ ಮೇಷ್ಟ್ರು ನಾನು ಎಂಬುದು ಜಾಲತಾಣದ ಈ ಗೋಡೆಯನ್ನು ಓದುವ ಬಹುತೇಕರಿಗೆ ಗೊತ್ತು. ನಿಮ್ಮಲ್ಲಿ ಕೆಲವರು ನನ್ನಿಂದ ಬೆಂಚಿನ ಮೇಲೆ ನಿಂತವರು. ಆದ್ದರಿಂದ ಇದು ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಹೊಸ ಸಂಶೋಧನೆಗಳು ನಮ್ಮ ಸೀಮೆಗೆ ಸುದ್ದಿಯಾಗಿ ಬರುವುದೇ ಇಲ್ಲ, ಅಂತೆಕಂತೆಯಾಗಿ ಬರುತ್ತವೆ. ಒಂದೋ ಪವಾಡ, ಇಲ್ಲವೇ ಪ್ರಳಯ. ಯಾರು, ಯಾವಾಗ, ಎಷ್ಟು ಜನರ ಮೇಲೆ, ಎಷ್ಟು ಖರ್ಚಿನಲ್ಲಿ ಮಾಡಿದರು ಎಂಬ ನಾಲ್ಕು ಮಾತುಗಳನ್ನು ದಾರಿಯಲ್ಲಿ ಯಾರೋ ಕಳಚಿಟ್ಟು, ಬರೀ ಕಿರುಚಾಟವನ್ನು ನಮಗೆ ಕಳಿಸುತ್ತಾರೆ.

ಹುಳು ಇರುವುದು ನಿಜ. 2023ರ ಸೆಪ್ಟೆಂಬರ್‌ನಲ್ಲಿ ಶಾಂಘೈನ ಡೋಂಗ್‌ಹುವಾ ವಿಶ್ವವಿದ್ಯಾಲಯದವರು 'ಮ್ಯಾಟರ್' ಎಂಬ ಸಂಶೋಧನಾ ಪತ್ರಿಕೆಯಲ್ಲಿ ಅದರ ವಿವರ ಪ್ರಕಟಿಸಿದರು. ಜೇಡದ ನೂಲು ಗಟ್ಟಿ ಎಂಬುದು ಹಳೆಯ ತಿಳಿವಳಿಕೆ. ತೊಡಕೇನೆಂದರೆ ಜೇಡವನ್ನು ಹುಳುಮನೆಯಲ್ಲಿ ಮೇಯಿಸಲಾಗುವುದಿಲ್ಲ, ಒಂದು ತಟ್ಟೆಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಅದಕ್ಕೆ ಅವರು ಜೇಡದ ನೂಲಿನ ಪ್ರೋಟೀನಿಗೆ ಕಾರಣವಾದ ವಂಶವಾಹಿಯನ್ನು ರೇಷ್ಮೆ ಹುಳುವಿನ ಮೊಟ್ಟೆಯೊಳಕ್ಕೆ ಸೇರಿಸಿದರು. ಬಳಸಿದ್ದು ಕ್ರಿಸ್ಪರ್ ಎಂಬ ಕತ್ತರಿಯನ್ನು, 2020ರಲ್ಲಿ ಜೆನಿಫರ್ ಡೌಡ್ನಾ ಮತ್ತು ಇಮ್ಯಾನುಯೆಲ್ ಶಾರ್ಪಾಂತಿಯೆ ಅವರಿಗೆ ನೊಬೆಲ್ ತಂದುಕೊಟ್ಟದ್ದು. ಒಂದು ತುಣುಕು ಆರ್‌ಎನ್‌ಎ ದಾರಿ ತೋರಿಸುತ್ತದೆ, ಕತ್ತರಿ ಹೋಗಿ ಅದೇ ಜಾಗದಲ್ಲಿ ಡಿಎನ್‌ಎ ಕತ್ತರಿಸುತ್ತದೆ.

ಹೇಳುವುದಕ್ಕೆ ಇಷ್ಟೇ. ಆದರೆ ರೇಷ್ಮೆ ಮೊಟ್ಟೆಯನ್ನು ಕಂಡವರು ಒಂದು ಕ್ಷಣ ಯೋಚಿಸಿ. ಗಸಗಸೆ ಕಾಳಿಗೆ ಅಣ್ಣನಂತಿರುವ ಆ ಮೊಟ್ಟೆಗೆ ಸೂಜಿ ಚುಚ್ಚಬೇಕು, ಒಳಗಿನ ಜೀವ ಸಾಯಬಾರದು. ಹೀಗೆ ಅವರು ಚುಚ್ಚಿದ್ದು ಲಕ್ಷಗಟ್ಟಲೆ ಸಲ. ಕೊನೆಗೊಂದು ದಿನ ಸೂಕ್ಷ್ಮದರ್ಶಕದಡಿಯಲ್ಲಿ ಹುಳುವಿನ ಕಣ್ಣು ಕೆಂಪಗೆ ಹೊಳೆಯಿತು. ಸೇರಿಸಿದ್ದು ಸೇರಿಕೊಂಡಿದೆ ಎಂಬುದಕ್ಕೆ ಅದೇ ಗುರುತು. ಇದನ್ನು ಓದಿದಾಗ ನನಗೆ ರೋಮಾಂಚನವಾಗಿತ್ತು. ಲಕ್ಷ ಸಲ ಕೈ ನಡುಗದೆ ಚುಚ್ಚಿದವರ ಕೆಲಸವನ್ನು 'ಪವಾಡ' ಎಂದು ಕರೆಯುವುದು ಅವರಿಗೆ ಮಾಡುವ ಅವಮಾನ. ಪವಾಡಕ್ಕೆ ಬೆವರು ಬೇಕಿಲ್ಲವಲ್ಲ.

ಇನ್ನು ಉಕ್ಕಿನ ಮಾತು. ಆ ನೂಲು ಹರಿಯುವ ಮುನ್ನ ತಾಳಿಕೊಳ್ಳುವ ಶಕ್ತಿ, ಗುಂಡು ತಡೆಯುವ ಅಂಗಿಗೆ ಬಳಸುವ ಕೆವ್ಲಾರ್‌ನ ಆರು ಪಟ್ಟು. ಗಟ್ಟಿತನ ಬೇರೆ, ತಾಳಿಕೆ ಬೇರೆ. ಬಿಸ್ಕತ್ತು ಗಟ್ಟಿಯೇ, ಆದರೆ ಬಗ್ಗಿಸಿದರೆ ಮುರಿಯುತ್ತದೆ. ಆ ಸಂಶೋಧಕರ ಕಣ್ಣಿರುವುದು ಶಸ್ತ್ರಚಿಕಿತ್ಸೆಯ ಹೊಲಿಗೆ ದಾರದಂಥ ವಸ್ತುಗಳ ಮೇಲೆ. ಮದುವೆ ಸೀರೆಗೂ ಕೆವ್ಲಾರ್‌ಗೂ ಏನು ಪೈಪೋಟಿ? ಮದುಮಗಳ ಮೇಲೆ ಯಾರೂ ಗುಂಡು ಹಾರಿಸುವುದಿಲ್ಲ. ನಮ್ಮ ಕಡೆ ಬೀಗರು ಎಷ್ಟೇ ಜಗಳವಾಡಿದರೂ ಅಷ್ಟಕ್ಕೆ ಹೋಗುವುದಿಲ್ಲ.

ಇದು ತೋಟದ ಮಾತಾಯಿತು. ತೋಟ ಕಿತ್ತರೆ ಮತ್ತೆ ನೆಡಬಹುದು. ಇವನ ತಾಯಿ, ಅಂದರೆ ನನ್ನ ಚಿಕ್ಕಮ್ಮ, ಕಳೆದ ವರ್ಷ ಎಂಟು ದಿನ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವುದನ್ನೇ ಬಿಟ್ಟಿದ್ದರು. ಕೇಳಿದರೆ, "ಅದಕ್ಕೆ ಮದ್ದು ಸಿಕ್ಕಿತಂತಲ್ಲಪ್ಪಾ, ಒಂದೇ ಸಲ ಚುಚ್ಚಿದರೆ ಮುಗಿಯಿತಂತೆ. ಈ ಹಾಳು ಮಾತ್ರೆ ಯಾಕೆ ಇನ್ನು?" ಎಂದರು. ಆ ದಿನ ರಕ್ತ ಪರೀಕ್ಷೆಯ ಚೀಟಿಯಲ್ಲಿ ಕಂಡದ್ದು 380. ಮದ್ದು ಸಿಕ್ಕಿದ್ದು ಎಲ್ಲಿ, ಯಾರಿಗೆ ಎಂದು ನಾನು ಹುಡುಕಿದೆ. 2024ರ ಸೆಪ್ಟೆಂಬರ್‌ನಲ್ಲಿ 'ಸೆಲ್' ಪತ್ರಿಕೆಯಲ್ಲಿ ಬಂದ ವರದಿ ಅದು. ಚೀನಾದ ಟಿಯಾಂಜಿನ್‌ನ ಇಪ್ಪತ್ತೈದು ವರ್ಷದ ಹೆಣ್ಣುಮಗಳೊಬ್ಬಳ ದೇಹದಿಂದಲೇ ಜೀವಕೋಶ ತೆಗೆದು, ರಾಸಾಯನಿಕಗಳಿಂದ ಅವುಗಳ ಹಣೆಬರಹ ಬದಲಿಸಿ, ಇನ್ಸುಲಿನ್ ಸ್ರವಿಸುವ ಕೋಶಗಳನ್ನಾಗಿ ಬೆಳೆಸಿ, ಹೊಟ್ಟೆಯ ಸ್ನಾಯುವಿನೊಳಗೆ ಇಟ್ಟರು. ಎಪ್ಪತ್ತೈದು ದಿನಗಳ ನಂತರ ಅವಳಿಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯ ಬೀಳಲಿಲ್ಲ. ಅದ್ಭುತ ಕೆಲಸ, ಎರಡು ಮಾತಿಲ್ಲ.

ಆದರೆ ಅವಳದು ಒಂದನೇ ಬಗೆಯ ಮಧುಮೇಹ, ಚಿಕ್ಕಮ್ಮನದು ಎರಡನೆಯದು. ಎರಡಕ್ಕೂ ಹೆಸರೊಂದೇ, ಕಾಯಿಲೆ ಬೇರೆ. ಆ ಹುಡುಗಿಗೆ ಮೊದಲೇ ಯಕೃತ್ತಿನ ಕಸಿಯಾಗಿದ್ದರಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ನಡೆಯುತ್ತಲೇ ಇತ್ತು, ಹಾಗಾಗಿ ಹೊಸ ಕೋಶಗಳ ಮೇಲೆ ದೇಹ ದಾಳಿ ಮಾಡುತ್ತಿತ್ತೋ ಇಲ್ಲವೋ ಎಂಬುದು ಅವಳೊಬ್ಬಳಿಂದ ತೀರ್ಮಾನವಾಗುವ ಮಾತಲ್ಲ. ಇದನ್ನೆಲ್ಲ ಸಂಶೋಧಕರು ಮುಚ್ಚಿಟ್ಟಿರಲಿಲ್ಲ, ವರದಿಯಲ್ಲೇ ಇತ್ತು. ಕಳಚಿದ್ದು ಟಿಯಾಂಜಿನ್‌ನಿಂದ ಚಿಕ್ಕಮ್ಮನ ಮೊಬೈಲಿಗೆ ಬರುವ ದಾರಿಯಲ್ಲಿ.

ಬೆಂಗಳೂರಿನಲ್ಲಿರುವ ತಂಗಿಯ ಮಗನ ಹತ್ತಿರ ಇದನ್ನು ಹೇಳಿದರೆ ಅವನು ನಕ್ಕ. "ಮಾವ, ನೀವು ಹೇಳುವ ಹಾಗೆ ಹೇಳಿದರೆ ಯಾರು ಕೇಳುತ್ತಾರೆ? ಹೀಗಾದರೂ ಹಳ್ಳಿಯ ಜನ ವಿಜ್ಞಾನದ ಹೆಸರು ಕೇಳುತ್ತಿದ್ದಾರಲ್ಲ, ಅದಕ್ಕೆ ಸಂತೋಷಪಡಿ." ಈ ಮಾತಿನಲ್ಲೂ ಹುರುಳಿದೆಯೇ ಎಂದು ರಾತ್ರಿ ಯೋಚಿಸಿದೆ. ಇಲ್ಲ. ಹೆಸರು ಕೇಳಿಸುವುದೇ ದೊಡ್ಡದಾದರೆ ಜಾತ್ರೆಯಲ್ಲಿ ಮೂಳೆ ಮುರಿತದ ಎಣ್ಣೆ ಮಾರುವವನೂ ವಿಜ್ಞಾನ ಪ್ರಚಾರಕನೇ. ಅವನೂ ಮೈಕು ಹಿಡಿದು 'ಲ್ಯಾಬೊರೇಟರಿ' ಎನ್ನುತ್ತಾನೆ. ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿಗೆ ಓದಲು ನಡೆದುಕೊಂಡೇ ಹೋದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸ ಮಾಡಿಸಿದರು. ಗುಡುಗು ಸಿಡಿಲಿನ ಸಂಗೀತ ಹಾಕಿಸದೆಯೇ ಸಭಾಂಗಣ ತುಂಬುತ್ತಿತ್ತು. ಇವರ ಜಿಲ್ಲೆಯಲ್ಲಿ ಹುಟ್ಟಿ ನಾವು ಜೇಡರ ಹುಳುವಿಗೆ ಹೆದರುತ್ತಿದ್ದೇವೆ.

ಈಗ ನನ್ನದೂ ಒಂದು ತಪ್ಪೊಪ್ಪಿಗೆ. ಹಳೆಯ ಸ್ನೇಹಿತರಿಗೆ ನೆನಪಿರಬಹುದು, ನೆನಪಿದ್ದೂ ಮರ್ಯಾದೆಗೆ ಸುಮ್ಮನಿರಬಹುದು. 2023ರ ಜುಲೈ ಕೊನೆಯಲ್ಲಿ ದಕ್ಷಿಣ ಕೊರಿಯಾದವರು ಎಲ್‌ಕೆ-99 ಎಂಬ ವಸ್ತುವನ್ನು ಪ್ರಕಟಿಸಿದರು. ಸಾಮಾನ್ಯ ಉಷ್ಣತೆಯಲ್ಲೇ ಒಂದಿಷ್ಟೂ ತಡೆಯಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕ ಎಂದರು. ಅಯಸ್ಕಾಂತದ ಮೇಲೆ ಒಂದು ಕರಿಯ ಚೂರು ಅರ್ಧ ಮೇಲೆದ್ದು ನಿಂತ ವಿಡಿಯೊ ನೋಡಿ ನಾನು ಕುಣಿದುಬಿಟ್ಟೆ. ಇದೇ ಗೋಡೆಯ ಮೇಲೆ "ಇನ್ನು ಕರೆಂಟ್ ಸೋರಿಕೆ ಎಂಬ ಮಾತೇ ಇಲ್ಲ" ಎಂದು ಎರಡು ಪುಟ ಬರೆದೆ. ಹತ್ತನೇ ತರಗತಿಯವರಿಗೆ ಪಾಠ ಬಿಟ್ಟು ಅದನ್ನೇ ಹೇಳಿದೆ. ಮೂರು ವಾರ ಕಳೆಯುವಷ್ಟರಲ್ಲಿ ಲೋಕದ ಹಲವು ಪ್ರಯೋಗಾಲಯಗಳು ಅದನ್ನು ಮಾಡಿ ನೋಡಿದವು, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿ. ಅತಿವಾಹಕವೂ ಅಲ್ಲ, ಮಣ್ಣೂ ಅಲ್ಲ. ಅಳತೆಯಲ್ಲಿ ಕಂಡ ವಿಚಿತ್ರಕ್ಕೆ ಕಾರಣ ಅದರೊಳಗೆ ಸೇರಿಕೊಂಡಿದ್ದ ತಾಮ್ರದ ಸಲ್ಫೈಡ್ ಎಂಬ ಕಲಬೆರಕೆ. ನನ್ನ ಮೊದಲ ಬರಹಕ್ಕೆ ನೂರನಲವತ್ತು ಲೈಕು, ತಪ್ಪಾಯಿತು ಎಂದು ಬರೆದದ್ದಕ್ಕೆ ಹನ್ನೊಂದು. ಆ ಮಕ್ಕಳಲ್ಲಿ ಎಷ್ಟು ಜನ ಈಗಲೂ ಅದನ್ನು ನಿಜವೆಂದೇ ನಂಬಿದ್ದಾರೋ! ಆದ್ದರಿಂದ ಈ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಇದೆ.

ನನಗೆ ಇನ್ನೂ ಉರಿಯುವುದು ಬೇರೊಂದಕ್ಕೆ. ನಮಗೆ ನಿಜಕ್ಕೂ ಬೇಕಾದ ಸುದ್ದಿಗೆ ಯಾರೂ ಗುಡುಗು ಹಾಕುವುದಿಲ್ಲ. 2016ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ರೇಷ್ಮೆಯ ಪ್ರೋಟೀನನ್ನು ನೀರಿನಲ್ಲಿ ಕರಗಿಸಿ, ಅದರಲ್ಲಿ ಸ್ಟ್ರಾಬೆರಿಯನ್ನು ಅದ್ದಿ, ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟಿಸಿದರು. ಫ್ರಿಜ್ಜಿನ ಹೊರಗೆ ಒಂದು ವಾರವಾದರೂ ಹಣ್ಣು ಬಿಗಿಯಾಗಿಯೇ ಇತ್ತು. ಬಾಳೆಹಣ್ಣಿನ ಮೇಲೂ ನೋಡಿದರು. ರೇಷ್ಮೆಯನ್ನೂ ಟೊಮೆಟೊವನ್ನೂ ಒಂದೇ ಬದುವಿನ ಆಚೆ ಈಚೆ ಬೆಳೆಯುವ ಜನ ನಾವು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಹದಿನೈದು ಕೆಜಿಯ ಬಾಕ್ಸು ಎರಡು ಸಾವಿರ ದಾಟಿದ್ದನ್ನೂ ಕಂಡಿದ್ದೇವೆ, ಬೆಲೆ ಬಿದ್ದಾಗ ರಸ್ತೆಗೆ ಸುರಿದು ಬರಿಗೈಯಲ್ಲಿ ಬಂದದ್ದನ್ನೂ ಕಂಡಿದ್ದೇವೆ. ಕೊಳೆಯುವುದನ್ನು ನಾಲ್ಕು ದಿನ ತಡೆಯುವ ಪೊರೆ, ಅದೂ ನಮ್ಮದೇ ಹುಳುವಿನಿಂದ! ಅದು ಟೊಮೆಟೊಗೆ ಒಗ್ಗುತ್ತದೆಯೇ, ಬಾಕ್ಸಿಗೆ ಎಷ್ಟು ಖರ್ಚು ಬೀಳುತ್ತದೆ ಎಂದು ನಮ್ಮ ಸೀಮೆಯಲ್ಲಿ ಯಾರಾದರೂ ಕೇಳಿದ್ದನ್ನು ನಾನು ಕೇಳಿಲ್ಲ.

ರಾಗಿಯದೂ ಅದೇ ಕಥೆ. 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ರಾಗಿಯ ಜೀನೋಮನ್ನು, ಅಂದರೆ ಅದರ ಪೂರ್ತಿ ವಂಶವಾಹಿ ಲಿಪಿಯನ್ನು, ಓದಿ ಪ್ರಕಟಿಸಿದರು. ಓದಿದ್ದು ಎಂಎಲ್-365 ತಳಿಯನ್ನು, ಬರ ತಾಳುವ ನಮ್ಮ ಕಡೆಯದೇ ರಾಗಿ. ಬರವನ್ನು ತಾಳುವ, ಬೆಂಕಿ ರೋಗವನ್ನು ತಡೆಯುವ ಗುಣ ಅದರೊಳಗೆ ಎಲ್ಲಿ ಅಡಗಿದೆ ಎಂದು ಹುಡುಕಲು ಅದು ಕೈಮರ. ನಾವು ತಿನ್ನುವ ಮುದ್ದೆಯ ಜಾತಕ ಅದು, ಒಬ್ಬನೂ ಫಾರ್ವರ್ಡ್ ಮಾಡಲಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ 'ಕಮಲಾ' ತಳಿಯನ್ನು ಕೇಂದ್ರ ಸರ್ಕಾರ ಪ್ರಕಟಿಸಿದ ಸಂಜೆಯೇ "ವಿಷದ ಅಕ್ಕಿ ಬಂತಂತೆ" ಎಂದು ನಮ್ಮ ಬೀದಿಗೆ ಸುದ್ದಿ ಮುಟ್ಟಿತು. ಸಾಂಬಾ ಮಸೂರಿಯ ಒಂದು ವಂಶವಾಹಿಯನ್ನು ಒಳಗಿನಿಂದಲೇ ತಿದ್ದಿದ್ದಾರೆ, ಹೊರಗಿನ ವಂಶವಾಹಿಯನ್ನು ಉಳಿಸಿಲ್ಲ. ಬಿಟಿ ಹತ್ತಿಯಲ್ಲಾದರೆ ಹೊರಗಿನಿಂದ ತಂದ ಬ್ಯಾಕ್ಟೀರಿಯಾದ ವಂಶವಾಹಿ ಇದೆ. ಈ ವ್ಯತ್ಯಾಸ ತಿಳಿದುಕೊಂಡ ಮೇಲೂ ವಿರೋಧಿಸುವವರು ಇದ್ದಾರೆ. ಇಳುವರಿ ಶೇ. 19ರಷ್ಟು ಹೆಚ್ಚು ಎಂಬ ಮಾತಿಗೆ ಲೆಕ್ಕ ತೋರಿಸಿ, ಬೀಜದ ಹಕ್ಕು ಯಾರದು ಹೇಳಿ ಎಂದು ಕೇಳುವವರು ಅವರು. ಅವರ ಮುಂದೆ ಕೂತು ಇಡೀ ದಿನ ವಾದ ಮಾಡಲು ನಾನು ಸಿದ್ಧ. 'ವಿಷವಂತೆ' ಎನ್ನುವವನ ಜೊತೆ ಏನು ಮಾತಾಡಲಿ?

ಇಷ್ಟನ್ನೂ ನಿನ್ನೆ ಮಾರುಕಟ್ಟೆಯ ಕಂಬಕ್ಕೆ ಒರಗಿ ತಮ್ಮನಿಗೆ ಹೇಳಿದೆ. ಪಾಶ್ಚರ್ ಕಥೆಯನ್ನೂ ಸೇರಿಸಿದೆ. 1865ರಲ್ಲಿ ಫ್ರಾನ್ಸಿನ ರೇಷ್ಮೆಯನ್ನು ಗಂಟುರೋಗ ನೆಲಕಚ್ಚಿಸಿದಾಗ, ಹುಳುವಿನ ಬಗ್ಗೆ ಏನೂ ತಿಳಿಯದ ಆ ರಸಾಯನಶಾಸ್ತ್ರಜ್ಞ ಐದು ವರ್ಷ ಅದರ ಬೆನ್ನು ಹತ್ತಿದ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನು ನಾಶ ಮಾಡಿಸಿದ. ಇವತ್ತಿಗೂ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ನಡೆಯುವುದು ಅದೇ. "ನೀನು ತಂದ ಮೊಟ್ಟೆಯ ಹಾಳೆಯ ಹಿಂದೆ ಆ ಮನುಷ್ಯನ ಐದು ವರ್ಷ ಇದೆ" ಎಂದೆ. ಅವನು ಒಂದು ಗೂಡನ್ನು ಕೈಗೆತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಜಾಲರಿಗೆ ಹಾಕಿದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ:

"ಅದೆಲ್ಲ ಸರಿ ಅಣ್ಣಾ. ಆ ಕೆಂಪು ಕಣ್ಣಿನ ಹುಳು ಯಾವ ಸೊಪ್ಪು ತಿನ್ನುತ್ತದೆ?"

ಮೂವತ್ತೆರಡು ವರ್ಷ ಪಾಠ ಮಾಡಿದವನಿಗೆ ಹೊಳೆಯದ ಪ್ರಶ್ನೆ! ಹುಳು ರೇಷ್ಮೆ ಹುಳುವೇ ತಾನೇ, ತಿನ್ನುವುದು ಹಿಪ್ಪುನೇರಳೆಯನ್ನೇ ಎಂದೆ. "ಹಾಗಾದರೆ ತೋಟ ಇರಲಿ ಬಿಡಿ" ಎಂದು ಎದ್ದು ಹರಾಜಿನ ಕಡೆ ಹೋದ. ದಾಳಿಂಬೆಯ ಮಾತು ಮತ್ತೆ ಬರಲಿಲ್ಲ.

ಗೆದ್ದೆ ಎಂದುಕೊಂಡು ಮನೆಗೆ ಬಂದು ಉಂಡು ಮಲಗಿದೆ. ರಾತ್ರಿ ಹತ್ತೂವರೆಗೆ ಅವನಿಂದ ಇನ್ನೊಂದು ವಿಡಿಯೊ, ಅದೇ ಗುಡುಗು, ಕೆಳಗೆ ಒಂದು ಸಾಲು: "ಅಣ್ಣಾ, ಆಲೂಗಡ್ಡೆ ಟೊಮೆಟೊದ ಮಗನಂತೆ. ಇದೂ ಬರೀ ಸುಳ್ಳು ತಾನೇ?"

ಸುಳ್ಳಲ್ಲ. 2025ರ ಜುಲೈ ಕೊನೆಗೆ 'ಸೆಲ್' ಪತ್ರಿಕೆಯಲ್ಲಿ ಬಂದಿದೆ. ಸುಮಾರು ತೊಂಬತ್ತು ಲಕ್ಷ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ಟೊಮೆಟೊದ ಪೂರ್ವಜ ಗಿಡವೂ ಎಟ್ಯೂಬರೋಸಂ ಎಂಬ ಇನ್ನೊಂದು ಬಳಗದ ಗಿಡವೂ ಬೆರೆತು ಆಲೂಗಡ್ಡೆಯ ವಂಶ ಹುಟ್ಟಿತು. ಎರಡಕ್ಕೂ ಗೆಡ್ಡೆ ಕಟ್ಟುವ ಗುಣ ಇರಲಿಲ್ಲ. ಗೆಡ್ಡೆ ಕಟ್ಟು ಎನ್ನುವ ವಂಶವಾಹಿ ಟೊಮೆಟೊ ಕಡೆಯಿಂದ, ನೆಲದೊಳಗೆ ಕಾಂಡ ಇಳಿಸುವ ವಂಶವಾಹಿ ಇನ್ನೊಂದರ ಕಡೆಯಿಂದ ಬಂದು ಮಗುವಿನಲ್ಲಿ ಸೇರಿದವು. ಮಗ ಎನ್ನುವುದಕ್ಕಿಂತ ಮೊಮ್ಮಗನ ಮೊಮ್ಮಗ ಎನ್ನಬೇಕು, ಅದು ಬೇರೆ ಮಾತು. ಇದನ್ನು ಅವನಿಗೆ ಹೇಗೆ ಬರೆಯಲಿ? ಬೆಳಿಗ್ಗೆ ನಂಬಬೇಡ ಎಂದವನು ರಾತ್ರಿ ನಂಬು ಎನ್ನಬೇಕಾಗಿದೆ. ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿದ್ದೇನೆ. ಅತ್ತ ಅವನು ಎರಡು ಪ್ರಶ್ನಾರ್ಥಕ ಚಿಹ್ನೆ ಕಳಿಸಿದ್ದಾನೆ.