ಆಟಿ ಅಮಾವಾಸ್ಯೆಯ ಕಹಿ ಮತ್ತು ಅಸೀಮಾ ಚಟರ್ಜಿ

ನಮ್ಮ ತುಳುನಾಡಿನಲ್ಲಿ ಪಾಲೆ ತೊಗಟೆಯ ಕಷಾಯ ಕುಡಿಯುವ ಆಟಿ ಅಮಾವಾಸ್ಯೆ ದಿನ ಅಜ್ಜ ಬೆಳಕು ಹರಿಯುವ ಮೊದಲೇ ಪಾಲೆ ಮರದ ಹತ್ತಿರ ಹೋಗುತ್ತಿದ್ದರು. ಕತ್ತಿ ಮುಟ್ಟಿಸುವ ಹಾಗಿಲ್ಲ, ಕಲ್ಲಿನಿಂದಲೇ ಜಜ್ಜಿ ತೊಗಟೆ ತೆಗೆಯಬೇಕು. ಅಮ್ಮ ಅದನ್ನು ಬೆಳ್ಳುಳ್ಳಿ, ಕಾಳುಮೆಣಸು, ಓಮದ ಜೊತೆ ಅರೆದು ರಸ ಹಿಂಡುತ್ತಿದ್ದರು. ಕಾದ ಬೆಣಚುಕಲ್ಲು ಅದರೊಳಗೆ ಬಿದ್ದರೆ ಚುಂಯ್ ಅನ್ನುವ ಸದ್ದು. ಆಮೇಲೆ ಅರ್ಧ ಲೋಟ ಕಹಿ, ಅದರ ಹಿಂದೆಯೇ ಮೆಂತೆ ಗಂಜಿ.

ಎಂಎಸ್ಸಿ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಇದೇ ತೊಗಟೆ. ಒಣಗಿಸಿ, ಪುಡಿ ಮಾಡಿ, ಮೆಥನಾಲಿನಲ್ಲಿ ನೆನೆಹಾಕಿ, ಸೋಸಿ ಆವಿ ಮಾಡಿದರೆ ಜೋನಿಬೆಲ್ಲದಂಥ ಕಂದು ಅಂಟು ಉಳಿಯುತ್ತದೆ. ಅದರಲ್ಲಿ ಹತ್ತಾರು ವಸ್ತುಗಳು ಕಲಸಿಹೋಗಿರುತ್ತವೆ. ಸಿಲಿಕಾ ತುಂಬಿದ ಗಾಜಿನ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿ ಅವನ್ನು ಬೇರೆ ಮಾಡಬೇಕು. ಎರಡು ತಿಂಗಳು ಅದೇ ಕೆಲಸ. ಒಂದು ಸಂಜೆ, ಬೇರೆಯಾದದ್ದನ್ನು ಚುಕ್ಕೆಯಾಗಿ ಇಟ್ಟು ನೋಡುವ ಸಿಲಿಕಾ ಪ್ಲೇಟಿಗೆ ಆಲ್ಕಲಾಯ್ಡ್ ಪತ್ತೆ ಮಾಡುವ ಡ್ರಾಗೆನ್‌ಡಾರ್ಫ್ ದ್ರಾವಣ ಸಿಂಪಡಿಸಿದೆ. ಒಂದೇ ಒಂದು ಕಿತ್ತಳೆ ಚುಕ್ಕೆ ಎದ್ದಿತು. ಆಲ್ಕಲಾಯ್ಡ್! ಗಿಡಗಳಲ್ಲಿರುವ, ಹೆಚ್ಚಾಗಿ ಕಹಿಯಾದ, ಮದ್ದೂ ವಿಷವೂ ಆಗಬಲ್ಲ ವಸ್ತು. ನನಗೆ ಅಳುವೇ ಬಂತು.

ಇದೇ ಕೆಲಸವನ್ನು ಜೀವನಪೂರ್ತಿ ಮಾಡಿದವರು ರಸಾಯನ ವಿಜ್ಞಾನಿ ಅಸೀಮಾ ಚಟರ್ಜಿ. 1917ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿದರು. 1944ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದ ಡಿಎಸ್ಸಿ (ಡಾಕ್ಟರ್ ಆಫ್ ಸೈನ್ಸ್) ಪದವಿ ಪಡೆದರು. 1947ರಲ್ಲಿ ಹಾಲುಗಲ್ಲದ ಮಗಳನ್ನು ಕರೆದುಕೊಂಡೇ ಸಂಶೋಧನೆಗೆ ಅಮೆರಿಕಕ್ಕೆ ಹೋದರು. ತಿರುಗಿ ಬಂದಾಗ ಇಲ್ಲಿ ಉಪಕರಣವೂ ಇಲ್ಲ, ದುಡ್ಡೂ ಇಲ್ಲ. ಸ್ಯಾಂಪಲ್‌ಗಳನ್ನು ಕೈಯಿಂದ ಖರ್ಚು ಮಾಡಿ ವಿದೇಶಕ್ಕೆ ಕಳಿಸಿ ಪರೀಕ್ಷೆ ಮಾಡಿಸಿದರು. ಸರ್ಪಗಂಧ, ನಿತ್ಯಪುಷ್ಪದ ಆಲ್ಕಲಾಯ್ಡ್‌ಗಳ ಮೇಲೆ ದುಡಿದರು. ಮೂರ್ಛೆರೋಗಕ್ಕೆ ಆಯುಷ್-56 ಅನ್ನುವ ಮದ್ದು ಕೊಟ್ಟರು. ಅವರ ಮಲೇರಿಯಾ ಮದ್ದಿನಲ್ಲಿ ನಮ್ಮ ಪಾಲೆಯೂ ಇತ್ತು! 1961ರಲ್ಲಿ ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಮಹಿಳೆ ಅವರೇ.

ನನಗೆ ಬೇಜಾರಾಗುವುದು ಎರಡು ಕಡೆಯವರ ಮಾತಿಗೂ. ಹಿರಿಯರು ಹೇಳಿದ ಮೇಲೆ ಪರೀಕ್ಷೆ ಯಾಕೆ ಅಂತಾರೆ ಒಬ್ಬರು. ಇದೆಲ್ಲ ಮೂಢನಂಬಿಕೆ ಅಂತಾರೆ ಇನ್ನೊಬ್ಬರು. ಕತ್ತಲಲ್ಲಿ ಪಾಲೆ ಅಂದುಕೊಂಡು ಕಾಸರಕದ ತೊಗಟೆ ತಂದರೆ ಹೊಟ್ಟೆಗೆ ಹೋಗುವುದು ಸ್ಟ್ರಿಕ್ನಿನ್, ಅಪ್ಪಟ ವಿಷ. ಹಾಗಾಗಿ ಯಾವ ಮರ, ಒಳಗೆ ಏನಿದೆ, ಎಷ್ಟಿದೆ ಅಂತ ಕೇಳಲೇಬೇಕು. ಅಸೀಮಾ ಕೇಳಿದ್ದು ಅದನ್ನೇ. ಗಿಡದ ಮೇಲೆ ಪ್ರೀತಿ ಇದ್ದದ್ದಕ್ಕೇ ಕೇಳಿದರು. ನಮ್ಮ ಶಾಲೆಯ ಪಾಠದಲ್ಲಿ ಅವರ ಹೆಸರು ನನಗೆ ಒಮ್ಮೆಯೂ ಸಿಗಲಿಲ್ಲ.

ರಜೆಗೆ ಹೋದಾಗ ಅಜ್ಜನಿಗೆ ಆ ಪ್ಲೇಟಿನ ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಇಷ್ಟು ಸಣ್ಣ ಚುಕ್ಕೆಗಾ ನೀನು ಎರಡು ತಿಂಗಳು ಕೂತದ್ದು ಮಾರಾಯ್ತಿ?"

"ಹೌದು ಅಜ್ಜ."

"ಕಹಿ ಉಂಟಾ ಅದು?"